ಸಿಸ್ಟರ್ ರೊಸೆಟ್ಟಾ ಥಾರ್ಪ್: ರಾಕ್ ಗಿಟಾರ್ ಶುರುವಾಗಿದ್ದು ಇವರಿಂದಲಾ?

ತಂತಿಪುಟ್ಟ:

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಗಿಟಾರ್ ಉಜ್ಜುತ್ತಿದ್ದೇನೆ. ನುಡಿಸುತ್ತಿದ್ದೇನೆ ಅನ್ನುವ ಧೈರ್ಯ ಇನ್ನೂ ಬಂದಿಲ್ಲ. ನಿನ್ನೆ ರಾತ್ರಿ ನಿದ್ದೆ ಬರದೆ ಫೋನ್ ನೋಡುತ್ತಿದ್ದಾಗ ಒಂದು ಹಳೇ ಕಪ್ಪು-ಬಿಳುಪು ವಿಡಿಯೋ ಸಿಕ್ಕಿತು. ಒಂದು ರೈಲ್ವೆ ಸ್ಟೇಷನ್. ಮಳೆ ಬಿದ್ದು ಪ್ಲಾಟ್‌ಫಾರಂ ಒದ್ದೆಯಾಗಿದೆ. ಕುದುರೆ ಗಾಡಿಯಲ್ಲಿ ಒಬ್ಬ ಹೆಂಗಸು ಬಂದು ಇಳಿಯುತ್ತಾರೆ. ಐವತ್ತರ ಹತ್ತಿರದ ವಯಸ್ಸು, ಕೋಟು, ಹೈ ಹೀಲ್ಸ್. ಭಾನುವಾರ ಪ್ರಾರ್ಥನೆಗೆ ಹೊರಟ ದೊಡ್ಡಮ್ಮನ ಹಾಗೆ ಕಾಣುತ್ತಾರೆ. ಅವರು ಬಿಳಿ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಿಕೊಂಡು ಮೊದಲ ನಾಲ್ಕು ಸ್ವರ ನುಡಿಸಿದರು ನೋಡಿ, ನಾನು ಹಾಸಿಗೆಯಿಂದ ಎದ್ದು ಕೂತೆ.

ಹೆಸರು ಸಿಸ್ಟರ್ ರೊಸೆಟ್ಟಾ ಥಾರ್ಪ್ ಅಂತೆ. ನನ್ನ ಪ್ರಶ್ನೆ ಎರಡು. ನನ್ನ ರೂಮಿನ ಗೋಡೆ ಮೇಲೆ ಗಿಟಾರಿಸ್ಟುಗಳ ಒಂಬತ್ತು ಪೋಸ್ಟರ್ ಇವೆ. ಇವರ ಹೆಸರು ನನಗೆ ಇಷ್ಟು ದಿನ ಯಾಕೆ ಗೊತ್ತಿರಲಿಲ್ಲ? ಇನ್ನೊಂದು, ವಿಡಿಯೋ ಕೆಳಗೆ ಎಲ್ಲರೂ "ರಾಕ್ ಶುರು ಮಾಡಿದ್ದೇ ಇವರು" ಅಂತ ಬರೆದಿದ್ದಾರೆ. ಇದು ನಿಜವಾ, ಇಲ್ಲ ಸುಮ್ನೆ ಅಭಿಮಾನದ ಮಾತಾ?

ಸಂಜೆ ರೇಡಿಯೋ:

ಪುಟ್ಟಾ, ತಡವಾಗಿಯಾದರೂ ಕೇಳಿದಿರಲ್ಲ, ಸಂತೋಷ. ಮೊದಲು ಊರು-ಮನೆ ಹೇಳಿಬಿಡುತ್ತೇನೆ, ಜಗಳ ಆಮೇಲೆ ಮಾಡೋಣ.

ಹುಟ್ಟಿದ್ದು 1915ರ ಮಾರ್ಚ್ 20ರಂದು, ಅಮೆರಿಕದ ಅರ್ಕಾನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಅನ್ನುವ ಊರಿನಲ್ಲಿ. ಹೆಸರೇ ಹತ್ತಿ ಗಿಡ. ಅಪ್ಪ-ಅಮ್ಮ ಇಬ್ಬರೂ ಹತ್ತಿ ಬಿಡಿಸುವ ಕೂಲಿಗಳು. ಅಮ್ಮ ಕೇಟಿ ಬೆಲ್ ನ್ಯೂಬಿನ್ ಮ್ಯಾಂಡೊಲಿನ್ ನುಡಿಸುತ್ತಿದ್ದರು, ಹಾಡುತ್ತಿದ್ದರು, ಊರೂರು ತಿರುಗಿ ದೇವರ ವಿಚಾರ ಸಾರುತ್ತಿದ್ದರು. ಅವರದು ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಅನ್ನುವ ಪಂಗಡ. ಕಪ್ಪು ಜನರೇ ಕಟ್ಟಿಕೊಂಡಿದ್ದು. ಅಲ್ಲಿ ಪ್ರಾರ್ಥನೆ ಅಂದರೆ ಕೈಕಟ್ಟಿ ಸುಮ್ಮನೆ ಕೂರುವುದಲ್ಲ. ಚಪ್ಪಾಳೆ, ಡ್ರಮ್, ಕಂಜಿರದಂಥ ಟ್ಯಾಂಬೊರಿನ್, ಎದ್ದು ಕುಣಿಯುವುದು ಎಲ್ಲ ಉಂಟು. ಹೆಂಗಸರು ಮುಂದೆ ನಿಂತು ಹಾಡುವುದಕ್ಕೂ ಅಡ್ಡಿ ಇರಲಿಲ್ಲ. ಮಗು ನಾಲ್ಕು ವರ್ಷಕ್ಕೆ ಗಿಟಾರ್ ಹಿಡಿಯಿತು. ಆರಕ್ಕೆ ಅಮ್ಮನ ಜೊತೆ ಊರೂರಲ್ಲಿ ಹಾಡಲು ಶುರು. ಆಮೇಲೆ ತಾಯಿ-ಮಗಳು ಶಿಕಾಗೋ ಸೇರಿದರು. 1934ರಲ್ಲಿ ಥಾಮಸ್ ಥಾರ್ಪ್ ಅನ್ನುವ ಬೋಧಕನ ಜೊತೆ ಮದುವೆಯಾಯಿತು. ಗಂಡನನ್ನು ಬಿಟ್ಟರು, ಹೆಸರನ್ನು ಇಟ್ಟುಕೊಂಡರು.

1938 ಅವರ ವರ್ಷ. ನ್ಯೂಯಾರ್ಕಿಗೆ ಬಂದರು. ಕಾಟನ್ ಕ್ಲಬ್ ಅನ್ನುವ ನೈಟ್‌ಕ್ಲಬ್ಬಿನಲ್ಲಿ ಜಾಝ್ ಬ್ಯಾಂಡಿನ ನಾಯಕ ಕ್ಯಾಬ್ ಕ್ಯಾಲೋವೇ ಜೊತೆ ಹಾಡಿದರು. ಅಕ್ಟೋಬರ್ 31ಕ್ಕೆ ಡೆಕ್ಕಾ ಕಂಪನಿಗೆ ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಡಿಸೆಂಬರ್ 23ಕ್ಕೆ ಕಾರ್ನೆಗಿ ಹಾಲ್‌ನಲ್ಲಿ ರೆಕಾರ್ಡ್ ನಿರ್ಮಾಪಕ ಜಾನ್ ಹ್ಯಾಮಂಡ್ ಏರ್ಪಡಿಸಿದ್ದ ದೊಡ್ಡ ಕಛೇರಿಯಲ್ಲಿ ನಿಂತಿದ್ದರು. ಆಗ ವಯಸ್ಸು ಇಪ್ಪತ್ತಮೂರು.

ಬೇಸ್ ಬಸಣ್ಣ:

ರೇಡಿಯೋ ಸರ್ ಹೇಳಿದ್ದೆಲ್ಲ ಸರಿ. ಆದರೆ "ಮೊದಲು" ಅನ್ನುವ ಪದ ಕಂಡರೆ ನನಗೆ ಅಲರ್ಜಿ. ಎಲೆಕ್ಟ್ರಿಕ್ ಗಿಟಾರ್ 1930ರ ದಶಕದ ಶುರುವಿನಲ್ಲೇ ಅಂಗಡಿಗೆ ಬಂದಿತ್ತು. ಗಿಟಾರಿಸ್ಟ್ ಚಾರ್ಲಿ ಕ್ರಿಶ್ಚಿಯನ್ 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ಜಾಝ್ ತಂಡ ಸೇರಿ ಅದನ್ನು ಮುಂದಿನ ಸಾಲಿಗೆ ತಂದರು. ಟಿ-ಬೋನ್ ವಾಕರ್ ಅನ್ನುವ ಎಲೆಕ್ಟ್ರಿಕ್ ಗಿಟಾರಿಸ್ಟ್ ಕೂಡ ಇದ್ದರು. ಥಾರ್ಪ್ ಹಾಡಿದ್ದು ದೇವರ ಹಾಡು, ಅಂದರೆ ಗಾಸ್ಪೆಲ್. ರಾಕ್ ಅಂತ ಜನ ಕರೆಯಲು ಶುರು ಮಾಡಿದ್ದು 1950ರ ದಶಕದಲ್ಲಿ.

ಕಾವೇರಿಗೆ ತಲಕಾವೇರಿಯಲ್ಲಿ ಒಂದು ಕುಂಡಿಕೆ ಇದೆ, ಕೈ ತೋರಿಸಿ "ಇಲ್ಲೇ" ಅನ್ನಬಹುದು. ರಾಕ್‌ಗೆ ಅಂಥ ಕುಂಡಿಕೆ ಇಲ್ಲ. ಇದ್ದರೆ ಹೇಮಾವತಿ, ಕಬಿನಿ ಥರ ಹತ್ತು ಹೊಳೆ. ಇವರು ಅದರಲ್ಲಿ ಒಂದು ಹೊಳೆ. ಒಪ್ಪುತ್ತೇನೆ. ಅಷ್ಟೇ.

ಮೀಟುಗಾತಿ:

ಬಸಣ್ಣ, ನೀವು ಯಾವ ಚರ್ಚೆಗೆ ಬಂದರೂ ಮೊದಲು ಬೇಲಿ ಹಾಕಿ ಆಮೇಲೆ ಮಾತು ಶುರು ಮಾಡುತ್ತೀರಿ. "ಮೊದಲು" ಅನ್ನುವುದನ್ನು ಪಕ್ಕಕ್ಕಿಡೋಣ, ನನಗೂ ಅದರಲ್ಲಿ ಆಸಕ್ತಿ ಇಲ್ಲ. ನಾನು ಹದಿನಾಲ್ಕು ವರ್ಷದಿಂದ ಗಿಟಾರ್ ಕಲಿಸುತ್ತಿದ್ದೇನೆ. ರೊಸೆಟ್ಟಾ ಬಗ್ಗೆ ಎಲ್ಲರೂ ಅವರ ಕಥೆ ಹೇಳುತ್ತಾರೆ, ಕೈ ಬಗ್ಗೆ ಯಾರೂ ಹೇಳುವುದಿಲ್ಲ. ಅದೇ ನನ್ನ ತಕರಾರು. ಕೈ ಬಗ್ಗೆ ಹೇಳುತ್ತೇನೆ, ಕೇಳಿ.

ಚಿಕ್ಕಂದಿನಿಂದ ಅವರಿಗೆ ಸಿಕ್ಕಿದ್ದು ಗಲಾಟೆಯ ಪ್ರಾರ್ಥನಾ ಮಂದಿರ. ಇನ್ನೂರು ಜನ ಚಪ್ಪಾಳೆ ತಟ್ಟಿ ಕೂಗುತ್ತಿರುವಾಗ ಒಂದು ಮರದ ಗಿಟಾರ್ ಯಾರ ಕಿವಿಗೆ ಬೀಳಬೇಕು? ಅದಕ್ಕೇ 30ರ ದಶಕದ ಫೋಟೋಗಳಲ್ಲಿ ಅವರ ಕೈಯಲ್ಲಿ ನ್ಯಾಷನಲ್ ಕಂಪನಿಯ ಲೋಹದ ಗಿಟಾರ್ ಇರುತ್ತದೆ. ಅದರ ಹೊಟ್ಟೆಯೊಳಗೆ ತಗಡಿನ ಬಟ್ಟಲಿನಂಥದ್ದು ಇರುತ್ತದೆ, ಕರೆಂಟ್ ಇಲ್ಲದೆಯೇ ಜೋರಾಗಿ ಕೂಗುತ್ತದೆ. 40ರ ದಶಕ ಶುರುವಾಗುವ ಹೊತ್ತಿಗೆ ಎಲೆಕ್ಟ್ರಿಕ್ ಬಂತು. ಜೋರಾಗಿ ನುಡಿಸುವುದು ಅವರಿಗೆ ಷೋಕಿ ಅಲ್ಲ, ಅಗತ್ಯ. ರಾಕ್ ಗಿಟಾರಿನ ಅರ್ಧ ಗುಣ ಇದರಲ್ಲೇ ಬಂತು ಅಂತ ನನ್ನ ಲೆಕ್ಕ.

ಎರಡನೆಯದು ಶ್ರುತಿ. ಅವರು ಜಾಸ್ತಿ ಬಳಸಿದ್ದು ವೆಸ್ಟಾಪೋಲ್ ಅನ್ನುವ ಶ್ರುತಿ. ನಾವು ಈಗ ಓಪನ್ ಡಿ ಅನ್ನುತ್ತೇವೆ. ಎಡಗೈಯಲ್ಲಿ ಏನೂ ಒತ್ತದೆ ಆರೂ ತಂತಿ ಮೀಟಿದರೆ ಸಾಕು, ಪೂರ್ತಿ ಡಿ ಕಾರ್ಡ್ ಬರುತ್ತದೆ. ಇದರಿಂದ ಹೆಬ್ಬೆರಳು ತಗ್ಗು ಸ್ವರದ ದಪ್ಪ ತಂತಿಯಲ್ಲಿ ತಾಳ ಹಿಡಿದುಕೊಂಡೇ ಇರಬಹುದು, ಉಳಿದ ಬೆರಳು ಸಣ್ಣ ತಂತಿಗಳಲ್ಲಿ ರಾಗ ಎಳೆಯಬಹುದು. ಒಬ್ಬರೇ ಕೂತು ಮೃದಂಗ, ವೀಣೆ ಎರಡನ್ನೂ ಮಾಡಿದ ಹಾಗೆ. (ಈ ಹೆಸರಿನ ಹಿಂದೆ ಕ್ರಿಮಿಯಾದ ಸೆವಾಸ್ಟೋಪೋಲ್ ನಗರ ಇದೆ. 19ನೇ ಶತಮಾನದಲ್ಲಿ ಆ ಮುತ್ತಿಗೆಯ ಹೆಸರಲ್ಲಿ ಒಂದು ಗಿಟಾರ್ ತುಣುಕು ಅಮೆರಿಕದ ಮನೆಮನೆಯಲ್ಲಿ ಓಡಾಡುತ್ತಿತ್ತು. ಬಾಯಿಂದ ಬಾಯಿಗೆ ಬಂದು ವೆಸ್ಟಾಪೋಲ್ ಆಯಿತು. ಎಲ್ಲಿಯ ಕ್ರಿಮಿಯಾ, ಎಲ್ಲಿಯ ಅರ್ಕಾನ್ಸಾ!)

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅವರು ಒಂದು ಸಾಲು ಹಾಡುತ್ತಾರೆ, ನಿಲ್ಲಿಸುತ್ತಾರೆ, ಗಿಟಾರ್ ಉತ್ತರ ಕೊಡುತ್ತದೆ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟದ್ದನ್ನು ಉಳಿದವರು ಎತ್ತಿಕೊಳ್ಳುತ್ತಾರಲ್ಲ, ಆ "ಉಳಿದವರು" ಇಲ್ಲಿ ಆರು ತಂತಿ. ಹಾಡಿನ ಮಧ್ಯ ಬರುತ್ತಿದ್ದಂತೆ ಹಾಡುಗಾರ್ತಿ ಪಕ್ಕಕ್ಕೆ ಸರಿದು ಗಿಟಾರನ್ನೇ ಮುಂದೆ ಬಿಡುತ್ತಾರೆ. ತಂತಿಯನ್ನು ಎಳೆದು ಸ್ವರ ಬಗ್ಗಿಸುವುದು, ಒಂದೇ ಸ್ವರವನ್ನು ಪಟಪಟ ಹೊಡೆದು ಜನರನ್ನು ಸೀಟಿನ ತುದಿಗೆ ತರುವುದು, ಆಮೇಲೆ ಬಿಟ್ಟುಬಿಡುವುದು. ಪುಟ್ಟಾ, ನಿಮ್ಮ ಒಂಬತ್ತು ಪೋಸ್ಟರಿನಲ್ಲಿ ಯಾರಾದರೂ ಈ ಕೆಲಸ ಮಾಡದೇ ಇದ್ದಾರಾ?

ಗದಗಿನ ಗಾಳಿ:

ಏನ್ ಬರದೀರಿ ಮೇಡಂ! ಭಜನಿ ಮಾತು ತೆಗೆದಿರಿ ಅಂತ ನಾನೂ ಒಂದು ಹೇಳತೀನಿ. ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಒಮ್ಮೆ ನಮ್ಮ ಕಾಕಾ ದೇವರ ಪದವನ್ನು ಸಿನಿಮಾ ಧಾಟಿಯಲ್ಲಿ ಎತ್ತಿಬಿಟ್ಟರು. ಹುಡುಗರು ಖುಷಿಯಿಂದ ಕುಣಿದರು. ಹಿರಿಯರು ಮೂರು ತಿಂಗಳು ಕಾಕಾನ ಕೈಗೆ ಹಾರ್ಮೋನಿಯಂ ಕೊಡಲಿಲ್ಲ. ಈ ಅಕ್ಕ ದೇವರ ಹಾಡನ್ನು ನೈಟ್‌ಕ್ಲಬ್ಬಿನಲ್ಲಿ ಹಾಡಿದರು ಅಂದರೆ ಚರ್ಚಿನವರು ಸುಮ್ಮನೆ ಬಿಟ್ಟರಾ?

ಸಂಜೆ ರೇಡಿಯೋ:

ಎಲ್ಲಿ ಬಿಡುತ್ತಾರೆ. ಕಾಟನ್ ಕ್ಲಬ್ ಅಂದರೆ ಕುಡಿತ, ಅರೆಬರೆ ಬಟ್ಟೆಯ ನೃತ್ಯ. ಅಲ್ಲಿ ಪ್ರಾರ್ಥನೆಯ ಹಾಡು! ಅವರ ಮೊದಲ ರೆಕಾರ್ಡುಗಳಲ್ಲಿ ಒಂದು 'ರಾಕ್ ಮಿ'. ಮೂಲದಲ್ಲಿ ಅದು ಥಾಮಸ್ ಡಾರ್ಸಿ ಬರೆದ ಭಕ್ತಿಗೀತೆ. ದೇವರೇ, ನನ್ನನ್ನು ನಿನ್ನ ತೊಟ್ಟಿಲಲ್ಲಿ ತೂಗು ಅನ್ನುವ ಭಾವ. ಅದೇ "ತೂಗು" ಅನ್ನುವ ಪದವನ್ನು ಇವರು ಗಂಟಲಲ್ಲಿ ಗುರುಗುಟ್ಟಿಸಿ ಹಾಡಿದಾಗ ಕ್ಲಬ್ಬಿನಲ್ಲಿ ಕೂತವರಿಗೆ ಬೇರೇನೋ ಕೇಳಿಸಿತು. ಎರಡು ಕಡೆಯವರೂ ಒಂದೇ ಹಾಡು ಕೇಳಿದರು, ಒಂದು ಕಡೆಯವರು ಚಪ್ಪಾಳೆ ತಟ್ಟಿದರು, ಇನ್ನೊಂದು ಕಡೆಯವರು ಮುಖ ತಿರುಗಿಸಿದರು.

ಆಮೇಲೆ ಲಕ್ಕಿ ಮಿಲಿಂಡರ್ ಅವರ ದೊಡ್ಡ ಬ್ಯಾಂಡ್ ಸೇರಿದರು. ಅಲ್ಲಿ ದೇವರ ಹಾಡಿನ ಜೊತೆಗೆ, ಎತ್ತರದ ಸಣಕಲು ಗಂಡು ಬೇಕು ಅನ್ನುವಂಥ ತಮಾಷೆ ಹಾಡುಗಳನ್ನೂ ಹಾಡಬೇಕಾಯಿತು. ಅದು ಅವರಿಗೆ ಹಿಡಿಸಲಿಲ್ಲ. ಬ್ಯಾಂಡ್ ಬಿಟ್ಟು ಮತ್ತೆ ಗಾಸ್ಪೆಲ್‌ಗೆ ಬಂದರು. ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಸೈನಿಕರಿಗೆ ಕಳಿಸುತ್ತಿದ್ದ ವಿ-ಡಿಸ್ಕ್ ರೆಕಾರ್ಡುಗಳಲ್ಲೂ ಅವರ ಹಾಡು ಇದ್ದವು.

ಬಸಣ್ಣನಿಗೆ ಒಂದು ತಾರೀಖು ಕೊಡುತ್ತೇನೆ. 1944ರಲ್ಲಿ ಪಿಯಾನೋ ವಾದಕ ಸ್ಯಾಮಿ ಪ್ರೈಸ್ ಜೊತೆ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ರೆಕಾರ್ಡ್ ಆಯಿತು. ಪಿಯಾನೋ, ಬೇಸ್, ಡ್ರಮ್, ಎಲೆಕ್ಟ್ರಿಕ್ ಗಿಟಾರ್. 1945ರಲ್ಲಿ ಅದು ಬಿಲ್‌ಬೋರ್ಡ್ ಪತ್ರಿಕೆಯ "ರೇಸ್" ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಬಂತು. ಕಪ್ಪು ಜನರ ರೆಕಾರ್ಡುಗಳಿಗೆ ಆಗ ಆ ಹೆಸರು. ಒಂದು ಗಾಸ್ಪೆಲ್ ಹಾಡು ಅಷ್ಟು ಮೇಲೆ ಹೋಗಿದ್ದು ಅದೇ ಮೊದಲು. ರಾಕ್ ಅಂದರೆ ಎಲ್ಲರೂ ಹೆಸರಿಸುವ ಎಲ್ವಿಸ್ ಪ್ರೆಸ್ಲಿಯ ಮೊದಲ ರೆಕಾರ್ಡ್ ಬಂದಿದ್ದು 1954ರಲ್ಲಿ. ರಾಕ್ ಗಿಟಾರಿಸ್ಟ್ ಚಕ್ ಬೆರಿಯದು 1955. ಕೂಡಿ ಕಳೆದು ನೋಡಿ.

ಬೇಸ್ ಬಸಣ್ಣ:

ಕೂಡಿ ಕಳೆದೆ. ಹತ್ತು ವರ್ಷ ಮುಂಚೆ. ಆ ಹಾಡನ್ನೂ ಈಗಷ್ಟೇ ಮೂರು ಸಲ ಕೇಳಿದೆ. ಬೇಸ್ ನುಡಿಸುವವನ ಕಿವಿಯಿಂದ ಹೇಳುವುದಾದರೆ, ಎಡಗೈ ಪಿಯಾನೋ ಮತ್ತು ಬೇಸ್ ಸೇರಿ ಉರುಳುವ ರೀತಿ ಅಪ್ಪಟ ಬೂಗಿ, ಅಂದರೆ ಒಂದೇ ನಮೂನೆ ಮತ್ತೆ ಮತ್ತೆ ಉರುಳುವ ಕುಣಿತದ ಧಾಟಿ. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಆದರೂ "ಶುರು ಮಾಡಿದ್ದೇ ಇವರು" ಅನ್ನಲು ನಾನು ತಯಾರಿಲ್ಲ.

ಮೀಟುಗಾತಿ:

ಅನ್ನಬೇಡಿ. ಮೂರು ಸಲ ಕೇಳಿದಿರಲ್ಲ, ನನಗೆ ಅಷ್ಟು ಸಾಕು.

ಮ್ಯಾಂಚೆಸ್ಟರ್ ಮಲೆನಾಡು:

ಪುಟ್ಟ ನೋಡಿದ ವಿಡಿಯೋ ನಮ್ಮ ಊರಿನದು! ನಾನು ಹುಟ್ಟಿದ್ದು ತೀರ್ಥಹಳ್ಳಿ, ಒಂಬತ್ತು ವರ್ಷದಿಂದ ಮ್ಯಾಂಚೆಸ್ಟರಿನಲ್ಲಿ ಇದ್ದೇನೆ. ಮಳೆ ವಿಚಾರದಲ್ಲಿ ಎರಡೂ ಊರಿಗೆ ದೊಡ್ಡ ವ್ಯತ್ಯಾಸ ಇಲ್ಲ, ಜೋರು ಮಾತ್ರ ಕಮ್ಮಿ.

ಅದು 1964ರ ಮೇ 7. ಗ್ರನಾಡಾ ಟಿವಿಯವರು ಮಾಡಿದ ಕಾರ್ಯಕ್ರಮ. ಜಾಗ ವಿಲ್‌ಬ್ರಹಾಂ ರೋಡ್ ಸ್ಟೇಷನ್. ಆಗಲೇ ಮುಚ್ಚಿಹೋಗಿತ್ತು. ಅದನ್ನು ಅಮೆರಿಕದ ದಕ್ಷಿಣದ ಹಳ್ಳಿ ಸ್ಟೇಷನ್ ಥರ ಸಿಂಗರಿಸಿ, ಮೂಟೆ-ಪೆಟ್ಟಿಗೆ ಜೋಡಿಸಿ, "ಚೋರ್ಲ್ಟನ್‌ವಿಲ್" ಅಂತ ಬೋರ್ಡ್ ಹಾಕಿದ್ದರು. ನಗರದ ಹುಡುಗ ಹುಡುಗಿಯರನ್ನು ರೈಲಿನಲ್ಲೇ ಕರೆತಂದು ಒಂದು ಪ್ಲಾಟ್‌ಫಾರಂ ಮೇಲೆ ಕೂರಿಸಿದರು. ಕಲಾವಿದರು ಎದುರಿನ ಪ್ಲಾಟ್‌ಫಾರಂನಲ್ಲಿ, ಮಧ್ಯೆ ಹಳಿ. ಮಡ್ಡಿ ವಾಟರ್ಸ್, ಸಾನಿ ಟೆರಿ, ಬ್ರೌನಿ ಮ್ಯಾಕ್‌ಗೀ, ಎಲ್ಲ ಘಟಾನುಘಟಿಗಳೂ ಅವತ್ತು ಅಲ್ಲಿ ಇದ್ದರು. ಮಳೆ ಬಂತು. ರೊಸೆಟ್ಟಾ ಮಳೆಯ ಹಾಡಿನಿಂದಲೇ ಶುರು ಮಾಡಿದರು, ನೋಹನ ಕಾಲದ ಪ್ರಳಯದ ಹಾಡು ಅದು.

ಈಗ ಆ ರೈಲು ದಾರಿಯಲ್ಲಿ ಹಳಿ ಇಲ್ಲ. ನಡೆಯುವವರಿಗೆ, ಸೈಕಲ್ಲಿನವರಿಗೆ ದಾರಿ ಮಾಡಿದ್ದಾರೆ. ನಾನು ವಾರಕ್ಕೆ ಎರಡು ಸಲ ಅದರಲ್ಲೇ ಸೈಕಲ್ ಹೊಡೆಯುತ್ತೇನೆ. ಇಷ್ಟು ವರ್ಷ ಗೊತ್ತಿಲ್ಲದೆ ಓಡಾಡಿದ್ದೆ. ಒಂದು ದಿನ ಆಫೀಸಿನ ಹಿರಿಯರೊಬ್ಬರು ಹೇಳಿದರು. ಅವತ್ತು ಸಂಜೆ ಅಲ್ಲಿ ಸೈಕಲ್ ನಿಲ್ಲಿಸಿ, ಇಯರ್‌ಫೋನ್ ಹಾಕಿಕೊಂಡು ಅದೇ ಹಾಡು ಕೇಳಿದೆ. ನಾಯಿ ಹಿಡಿದುಕೊಂಡು ಬಂದ ಹೆಂಗಸೊಬ್ಬರು ನಾನು ದಾರಿ ತಪ್ಪಿದ್ದೇನೆ ಅಂದುಕೊಂಡು "ಸಹಾಯ ಬೇಕಾ" ಅಂತ ಕೇಳಿದರು.

ತಂತಿಪುಟ್ಟ:

ಮಲೆನಾಡು ಅವರೇ, ಒಂದು ಫೋಟೋ ಹಾಕಿ ಪ್ಲೀಸ್. ಆ ಬಿಳಿ ಗಿಟಾರ್ ಯಾವುದು ಅಂತ ಯಾರಾದರೂ ಹೇಳುತ್ತೀರಾ? ಕೊಂಬು ಇರುವುದು ನೋಡಿದರೆ ಎಸ್‌ಜಿ ಅನ್ನುವ ಮಾದರಿಯ ಥರ ಇದೆ.

ಮೀಟುಗಾತಿ:

ಗಿಬ್ಸನ್ ಕಂಪನಿಯದು. ಆ ಎರಡು ಕೊಂಬಿನ ಆಕಾರ ಬಂದಿದ್ದು 1961ರಲ್ಲಿ. ಮೊದಲು ಅದನ್ನೂ ಅವರ ಹಳೇ ಮಾದರಿಯ ಹೆಸರಲ್ಲಿ ಲೆಸ್ ಪಾಲ್ ಅಂತಲೇ ಮಾರಿದರು, ಎಸ್‌ಜಿ ಅನ್ನುವ ಹೆಸರು ಆಮೇಲೆ ಬಂತು. ಇದು ಕಸ್ಟಮ್ ಮಾದರಿ: ಬಿಳಿ ಬಣ್ಣ, ಚಿನ್ನದ ಲೇಪದ ಲೋಹ, ತಂತಿಯ ಅದುರನ್ನು ಕರೆಂಟಿಗೆ ಬದಲಿಸುವ ಪಿಕಪ್ ಮೂರು. ಆ ಕಾಲಕ್ಕೆ ದುಬಾರಿ ವಾದ್ಯ. ಅವರು ಅದನ್ನು ಒಡವೆ ಹಾಕಿಕೊಂಡ ಹಾಗೆ ಹಾಕಿಕೊಂಡಿದ್ದಾರೆ ನೋಡಿ. ಹೈ ಹೀಲ್ಸ್, ಕೋಟು, ಬಾಚಿ ಕಟ್ಟಿದ ಕೂದಲು, ಗಿಟಾರ್. ಎಲ್ಲ ಒಂದೇ ಸಿಂಗಾರ.

ಒಂದು ಸಂಗತಿ ಹೇಳಿಬಿಡುತ್ತೇನೆ. ನಾನು ಮೊದಲ ಗಿಟಾರ್ ಕೊಳ್ಳಲು ಬೆಂಗಳೂರಿನ ಒಂದು ಅಂಗಡಿಗೆ ಹೋದಾಗ ಅಲ್ಲಿದ್ದವರು ನನ್ನ ಅಣ್ಣನ ಜೊತೆ ಮಾತಾಡಿದರು. ಅಣ್ಣನಿಗೆ ಗಿಟಾರ್ ಯಾವ ಕಡೆಯಿಂದ ಹಿಡಿಯಬೇಕು ಅಂತಲೂ ಗೊತ್ತಿರಲಿಲ್ಲ. ನನಗೆ ಉಕುಲೆಲೆ ತೋರಿಸಿ "ಇದು ಹಗುರ, ನಿಮಗೆ ಚೆನ್ನಾಗಿರುತ್ತೆ" ಅಂದರು. ರೊಸೆಟ್ಟಾ ಕಾಲದಲ್ಲಿ ಅವರಿಗೆ ಸಿಗುತ್ತಿದ್ದ ದೊಡ್ಡ ಹೊಗಳಿಕೆ ಯಾವುದು ಗೊತ್ತಾ? "ಗಂಡಸಿನ ಥರ ನುಡಿಸುತ್ತಾಳೆ" ಅಂತ. ನನಗೂ ಎರಡು ಸಲ ಸಿಕ್ಕಿದೆ, ಥ್ಯಾಂಕ್ಸ್ ಅಂದು ಮನೆಗೆ ಬಂದಿದ್ದೇನೆ.

ರಾಗಿಮುದ್ದೆ ರಾಕರ್:

ಕ್ರೀಡಾಂಗಣದಲ್ಲಿ ಟಿಕೆಟ್ ಇಟ್ಟು ಮದುವೆ ಮಾಡಿಕೊಂಡಿದ್ದು ಇವರೇ ಅಲ್ವಾ? ಯಾರೂ ಹೇಳಲೇ ಇಲ್ಲ. ಚರ್ಚೆಗೆ ಸ್ವಲ್ಪ ಉಪ್ಪು-ಖಾರ ಹಾಕಿ ಸ್ವಾಮಿ.

ಸಂಜೆ ರೇಡಿಯೋ:

ಇವರೇ. 1951ರ ಜುಲೈ 3, ವಾಷಿಂಗ್ಟನ್ನಿನ ಗ್ರಿಫಿತ್ ಸ್ಟೇಡಿಯಂ. ಬೇಸ್‌ಬಾಲ್ ಆಡುವ ಜಾಗ. ಏರ್ಪಾಡು ಮಾಡಿದ್ದು ಅರ್ವಿನ್ ಫೆಲ್ಡ್ ಮತ್ತು ಅವರ ಅಣ್ಣ. ಈ ಅರ್ವಿನ್ ಮುಂದೆ ಅಮೆರಿಕದ ಅತಿ ದೊಡ್ಡ ಸರ್ಕಸ್ ಕಂಪನಿಯ ಮಾಲೀಕರಾದರು, ಅದರಲ್ಲೇ ಅರ್ಥ ಮಾಡಿಕೊಳ್ಳಿ. ಒಪ್ಪಂದಕ್ಕೆ ಸಹಿ ಬೀಳುವಾಗ ವರ ಇನ್ನೂ ಗೊತ್ತಾಗಿರಲಿಲ್ಲವಂತೆ! ಛತ್ರ ಮೊದಲು, ಹುಡುಗ ಆಮೇಲೆ. ಕೊನೆಗೆ ವರ ರಸೆಲ್ ಮಾರಿಸನ್. ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ದುಡ್ಡು ಕೊಟ್ಟು ಬಂದರು. ಮದುವೆ ಮುಗಿದ ಮೇಲೆ ವಧು ಮದುವೆ ಬಟ್ಟೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕಛೇರಿ ಕೊಟ್ಟರು. ಪಟಾಕಿ ಹಾರಿಸಿದರು. ಡೆಕ್ಕಾದವರು ಅಷ್ಟನ್ನೂ ರೆಕಾರ್ಡ್ ಮಾಡಿ ಮಾರಿದರು.

ರಾಗಿಮುದ್ದೆ ರಾಕರ್:

ನಮ್ಮಲ್ಲಿ ಮದುವೆಗೆ ಬಂದವರೇ ಕವರ್ ಕೊಡುತ್ತಾರೆ, ಇಲ್ಲಿ ಬಾಗಿಲಲ್ಲೇ ವಸೂಲಿ. ಆದರೆ ಇದು ಬರೀ ಪ್ರಚಾರದ ಗಿಮಿಕ್ ಅಲ್ವಾ ಸರ್?

ಸಂಜೆ ರೇಡಿಯೋ:

ಗಿಮಿಕ್ಕೇ. ಆದರೆ ಇನ್ನೊಂದು ಕಡೆಯಿಂದ ನೋಡಿ. ಬಣ್ಣದ ಭೇದ ಕಾನೂನಾಗಿದ್ದ ಕಾಲ ಅದು. ದಕ್ಷಿಣದ ರಾಜ್ಯಗಳಲ್ಲಿ ಈಕೆ ಕಛೇರಿ ಮುಗಿಸಿ ಹೋಟೆಲಿಗೆ ಹೋದರೆ ರೂಮು ಕೊಡುತ್ತಿರಲಿಲ್ಲ. ಅದಕ್ಕೇ ಸ್ವಂತ ಬಸ್ ಇಟ್ಟುಕೊಂಡಿದ್ದರು, ಅದರಲ್ಲೇ ಮಲಗುತ್ತಿದ್ದರು. ಒಂದು ಹಂತದಲ್ಲಿ ಜಾರ್ಡನೇರ್ಸ್ ಅನ್ನುವ ಬಿಳಿಯ ಹುಡುಗರ ಹಾಡುಗಾರಿಕೆ ತಂಡ ಅವರ ಜೊತೆ ಪ್ರವಾಸ ಮಾಡುತ್ತಿತ್ತು. ಕಪ್ಪು ಹೆಂಗಸು ಯಜಮಾನಿ, ಬಿಳಿ ಹುಡುಗರು ಜೊತೆಗಾರರು! ಊಟದ ಹೊತ್ತಿಗೆ ಹುಡುಗರು ಹೋಟೆಲಿನೊಳಗೆ ಹೋಗಿ ಊಟ ಕಟ್ಟಿಸಿಕೊಂಡು ಬರುತ್ತಿದ್ದರು. ರೊಸೆಟ್ಟಾ ಬಸ್ಸಿನಲ್ಲೇ ಕೂತು ಉಣ್ಣುತ್ತಿದ್ದರು. ಅದೇ ಜಾರ್ಡನೇರ್ಸ್ ಮುಂದೆ ಎಲ್ವಿಸ್ ಹಿಂದೆ ನಿಂತು ವರ್ಷಗಟ್ಟಲೆ ಹಾಡಿದರು. ಹೋಟೆಲಿನಲ್ಲಿ ಒಂದು ತಟ್ಟೆ ಊಟ ಸಿಗದವರ ಮದುವೆಗೆ ದೇಶದ ರಾಜಧಾನಿಯಲ್ಲಿ ಕ್ರೀಡಾಂಗಣ ತುಂಬಿತು. ಗಿಮಿಕ್ ಅಂತ ನಗುವಾಗ ಇದೂ ತಲೆಯಲ್ಲಿ ಇರಲಿ.

ಗದಗಿನ ಗಾಳಿ:

ಸರ್, ಅಷ್ಟು ಜನ ಬಂದ ಮೇಲೆ ಹೆಸರು ಹೆಂಗ ಅಳಿಸಿತು? ಪುಟ್ಟನ ಮೊದಲನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟೇ ಇಲ್ಲ.

ಮೀಟುಗಾತಿ:

ನನ್ನ ಪ್ರಕಾರ ಒಂದೇ ಕಾರಣ ಅಲ್ಲ. 50ರ ದಶಕ ಬರುವಾಗ ಗಾಸ್ಪೆಲ್ ಕೇಳುವವರಿಗೆ ಮಹಾಲಿಯಾ ಜಾಕ್ಸನ್ ಸಿಕ್ಕಿದ್ದರು. ಗಂಭೀರ, ಗಿಟಾರ್ ಇಲ್ಲ, ಕ್ಲಬ್ಬಿನ ಹತ್ತಿರವೂ ಹೋಗದವರು. ರೊಸೆಟ್ಟಾ ಮತ್ತು ಅವರ ಜೊತೆಗಾರ್ತಿ ಮೇರಿ ನೈಟ್ 1953ರ ಹೊತ್ತಿಗೆ ಬ್ಲೂಸ್, ಅಂದರೆ ಕಪ್ಪು ಜನರ ಲೌಕಿಕ ಸುಖದುಃಖದ ಹಾಡು, ರೆಕಾರ್ಡ್ ಮಾಡಿದಾಗ ಚರ್ಚಿನ ಜನ ಮತ್ತಷ್ಟು ದೂರ ಸರಿದರು. (ಇಬ್ಬರೂ ಸೇರಿ 1947ರಲ್ಲಿ ಹಾಡಿದ 'ಅಪ್ ಅಬವ್ ಮೈ ಹೆಡ್' ಕೇಳಿ. ಎರಡು ದನಿ ಒಂದರ ಮೇಲೊಂದು ಹತ್ತುವುದು ನೋಡಿದರೆ ಮೈ ಜುಮ್ಮೆನ್ನುತ್ತದೆ.) ಇನ್ನೊಂದು ಕಡೆ ರಾಕ್ ಅನ್ನುವ ಹೊಸ ಅಂಗಡಿ ತೆರೆಯಿತು. ಅದಕ್ಕೆ ಬೇಕಾಗಿದ್ದು ಇಪ್ಪತ್ತರ ಹುಡುಗರು. ನಲವತ್ತು ದಾಟಿದ, ದೇವರ ಹಾಡು ಹೇಳುವ ಕಪ್ಪು ಹೆಂಗಸಿಗೆ ಆ ಅಂಗಡಿಯಲ್ಲಿ ಯಾವ ಕಪಾಟು? ದೇವರ ಕಡೆಯವರಿಗೆ ಜಾಸ್ತಿ ಲೌಕಿಕ, ಲೌಕಿಕರಿಗೆ ಜಾಸ್ತಿ ದೇವರು.

ಕೈ ಹಿಡಿದಿದ್ದು ಯೂರೋಪ್. ಬ್ರಿಟನ್ನಿನ ಜಾಝ್ ತಂಡದ ನಾಯಕ ಕ್ರಿಸ್ ಬಾರ್ಬರ್ 1957ರಲ್ಲಿ ಕರೆಸಿಕೊಂಡರು. ಆಮೇಲೆ ಮತ್ತೆ ಮತ್ತೆ ಹೋದರು. ಮಲೆನಾಡು ಹೇಳಿದ ಸ್ಟೇಷನ್ ಕಾರ್ಯಕ್ರಮ ಅಂಥದ್ದೇ ಒಂದು ಪ್ರವಾಸದ್ದು.

ಸಂಜೆ ರೇಡಿಯೋ:

ಕೊನೆಯ ದಿನಗಳು ಬೇಗ ಹೇಳಿ ಮುಗಿಸುತ್ತೇನೆ, ನನಗೆ ಬರೆಯಲು ಕಷ್ಟ. 1970ರಲ್ಲಿ ಯೂರೋಪ್ ಪ್ರವಾಸದಲ್ಲಿದ್ದಾಗ ಪಾರ್ಶ್ವವಾಯು. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ತೆಗೆಯಬೇಕಾಯಿತು. ಆಮೇಲೂ ಹಾಡಿದರು. 1973ರ ಅಕ್ಟೋಬರ್ 9ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು, ಐವತ್ತೆಂಟು ವರ್ಷ. ಹೊಸ ರೆಕಾರ್ಡಿಂಗ್‌ಗೆ ದಿನ ಗೊತ್ತಾಗಿತ್ತು. ಸಮಾಧಿ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. 1998ರಲ್ಲಿ ಅಮೆರಿಕದ ಅಂಚೆ ಇಲಾಖೆ 32 ಸೆಂಟಿನ ಸ್ಟಾಂಪ್ ತಂದಿತು. ಸ್ಟಾಂಪ್ ಬಂದಾಗಲೂ ಸಮಾಧಿ ಬೋಳು. 2008ರಲ್ಲಿ ಅಭಿಮಾನಿಗಳು ಕಛೇರಿ ಇಟ್ಟು ಹಣ ಕೂಡಿಸಿದ ಮೇಲೆ ಕಲ್ಲು ನಿಂತಿತು.

ಬೇಸ್ ಬಸಣ್ಣ:

ನಾನು ನಿನ್ನೆಯಿಂದ ಇದನ್ನೇ ಓದುತ್ತಿದ್ದೆ. ಈಗ ನಾನೇ ನನ್ನ ವಿರುದ್ಧ ಒಂದು ಸಾಕ್ಷಿ ಕೊಡುತ್ತೇನೆ.

ರಾಕ್‌ನ ದೊಡ್ಡವರನ್ನು ಗೌರವಿಸುವ ಸಂಸ್ಥೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ 1986ರಲ್ಲಿ ಮೊದಲ ಸಲ ಜನರನ್ನು ಸೇರಿಸಿಕೊಂಡಿತು. ಚಕ್ ಬೆರಿ, ಎಲ್ವಿಸ್, ಜೆರಿ ಲೀ ಲೂಯಿಸ್, ಲಿಟಲ್ ರಿಚರ್ಡ್ ಎಲ್ಲ ಅದರಲ್ಲಿದ್ದರು. ಈ ಲಿಟಲ್ ರಿಚರ್ಡ್ 1947ರಲ್ಲಿ ಜಾರ್ಜಿಯಾದ ಮೇಕನ್ ಊರಿನ ಸಭಾಂಗಣದಲ್ಲಿ ಸೋಡಾ ಮಾರುತ್ತಿದ್ದ ಹದಿನಾಲ್ಕರ ಹುಡುಗ. ರೊಸೆಟ್ಟಾ ಕಛೇರಿಗೆ ಬಂದಾಗ ಅವರಿಗೆ ಕೇಳುವ ಹಾಗೆ ಅವರದೇ ಹಾಡು ಹಾಡಿದ. ಅವರು ಅವನನ್ನು ವೇದಿಕೆಗೆ ಕರೆದು ಹಾಡಿಸಿ ಕೈಗೆ ದುಡ್ಡು ಕೊಟ್ಟು ಕಳಿಸಿದರು. 1992ರಲ್ಲಿ ಹಾಡುಗಾರ ಜಾನಿ ಕ್ಯಾಶ್ ಅದೇ ಹಾಲ್‌ಗೆ ಸೇರುವಾಗ ಭಾಷಣದಲ್ಲಿ ಇವರ ಹೆಸರು ಹೇಳಿದರು. ಇವರನ್ನು ಸೇರಿಸಿಕೊಂಡಿದ್ದು ಯಾವಾಗ? 2018. ಸೋಡಾ ಮಾರುತ್ತಿದ್ದ ಹುಡುಗ ಒಳಗೆ ಹೋಗಿ ಮೂವತ್ತೆರಡು ವರ್ಷ ಆದ ಮೇಲೆ. ಅದೂ "ಆರಂಭಿಕ ಪ್ರಭಾವ" ಅನ್ನುವ ಬೇರೆ ಬಾಗಿಲಿನಿಂದ.

ಹಾಗಂತ "ಮೊದಲು" ಅನ್ನುವ ಪದಕ್ಕೆ ಈಗಲೂ ಸಹಿ ಹಾಕಲ್ಲ. ಬ್ಲೂಸಿನ ಮೆಂಫಿಸ್ ಮಿನ್ನಿ ಇವರಿಗಿಂತ ದೊಡ್ಡವರು, 1929ರಲ್ಲೇ ಅವರ ಗಿಟಾರ್ ರೆಕಾರ್ಡಿನಲ್ಲಿತ್ತು, 1942ರ ಹೊತ್ತಿಗೆ ಶಿಕಾಗೋದಲ್ಲಿ ಎಲೆಕ್ಟ್ರಿಕ್ ನುಡಿಸುತ್ತಿದ್ದರು. ಅವರಿಗೆ ಯಾವ ಪೋಸ್ಟರ್? ಒಬ್ಬರನ್ನು "ಮೊದಲಿಗರು" ಅಂತ ಪೀಠದ ಮೇಲೆ ಕೂರಿಸಿದರೆ ಪಕ್ಕದವರು ಕಾಣುವುದಿಲ್ಲ. ನನ್ನ ತಕರಾರು ಇಷ್ಟೇ ಇತ್ತು, ಹೇಳಲು ಬರಲಿಲ್ಲ.

ಮೀಟುಗಾತಿ:

ಬಸಣ್ಣ, ಈ ಮಾತನ್ನು ಮೊದಲ ದಿನವೇ ಹೇಳಿದ್ದರೆ ನಾನು ಅಷ್ಟುದ್ದ ಬರೆಯುತ್ತಿರಲಿಲ್ಲ. ಮೆಂಫಿಸ್ ಮಿನ್ನಿಗೆ ಪ್ರತ್ಯೇಕ ಎಳೆ ಶುರು ಮಾಡಿ, ನಾನು ಬರುತ್ತೇನೆ. ಹಾಗೇ 70ರ ದಶಕಕ್ಕೆ ಬಂದು ಫ್ಯಾನಿ ತಂಡದ ಜೂನ್ ಮಿಲಿಂಗ್ಟನ್ ಬಗ್ಗೆಯೂ ಬರೆಯಬೇಕು. ಮನಿಲಾದಲ್ಲಿ ಹುಟ್ಟಿದ ಹುಡುಗಿ, ಲೀಡ್ ಗಿಟಾರ್.

ಮೇಲ್ವಿಚಾರಕ:

ಹೊಸ ಎಳೆಗೆ ಸ್ವಾಗತ. ಇಲ್ಲಿ ಇವರ ಬಗ್ಗೆಯೇ ಇರಲಿ. ಮತ್ತೆ ರಾಕರ್ ಅವರೇ, ಮದುವೆ ಕವರಿನ ಜೋಕ್ ಐದನೇ ಸಲ ಹಾಕಿದ್ದನ್ನು ತೆಗೆದಿದ್ದೇನೆ.

ತಂತಿಪುಟ್ಟ:

ಎಲ್ಲರಿಗೂ ಥ್ಯಾಂಕ್ಸ್. ಒಂದು ಪ್ರಶ್ನೆ ಕೇಳಿ ಒಂದು ವಾರದ ಪಾಠ ಆಯಿತು. ಗೋಡೆ ಮೇಲೆ ಜಾಗ ಮಾಡಿದೆ. ಯಾರ ಪೋಸ್ಟರ್ ತೆಗೆದೆ ಅಂತ ಹೇಳಲ್ಲ, ಇಲ್ಲಿ ಅವರ ಅಭಿಮಾನಿಗಳು ಜಾಸ್ತಿ.

ಮೇಡಂ ಹೇಳಿದ ಶ್ರುತಿ ನೋಡೋಣ ಅಂತ ನಿನ್ನೆ ಕೂತೆ. ಎಲ್ಲೋ ಒಂದು ಕಡೆ ಓಪನ್ ಇ ಅಂತ ಇತ್ತು, ಎರಡೂ ಒಂದೇ ಅಂದುಕೊಂಡು ತಿರುವುತ್ತಾ ಹೋದೆ. ನಾಲ್ಕನೇ ತಂತಿ ಟಪ್ ಅಂತ ಕಿತ್ತು ಕೈಗೆ ಹೊಡೆಯಿತು. ಅಮ್ಮ ಅಡುಗೆಮನೆಯಿಂದ "ಕುಕ್ಕರ್ರಾ?" ಅಂತ ಓಡಿಬಂದರು.

ಮೀಟುಗಾತಿ:

ಅಯ್ಯೋ ಪುಟ್ಟಾ! ಆಕಾರ ಒಂದೇ, ಎತ್ತರ ಬೇರೆ. ಓಪನ್ ಇ ಮಾಡಲು ತಂತಿ ಏರಿಸಬೇಕು, ಓಪನ್ ಡಿಗೆ ಇಳಿಸುವುದು ಮಾತ್ರ. ಬರೆದುಕೊಳ್ಳಿ. ಆರನೇ ದಪ್ಪ ತಂತಿ ಇ-ಯಿಂದ ಡಿಗೆ. ಐದು, ನಾಲ್ಕು ಮುಟ್ಟಬೇಡಿ. ಮೂರನೆಯದು ಜಿ-ಯಿಂದ ಎಫ್ ಶಾರ್ಪ್‌ಗೆ, ಅರ್ಧ ಮೆಟ್ಟಿಲು. ಎರಡನೆಯದು ಬಿ-ಯಿಂದ ಎ-ಗೆ. ಒಂದನೆಯದು ಇ-ಯಿಂದ ಡಿಗೆ. ಹೊಸ ತಂತಿ ಹಾಕಿದ ಮೇಲೆ ಒಂದು ದಿನ ಬಿಡಿ, ಎಳೆದುಕೊಂಡು ಶ್ರುತಿ ಜಾರುತ್ತದೆ. ಆಮೇಲೆ ಹೆಬ್ಬೆರಳಲ್ಲಿ ಬರೀ ಆರನೇ ತಂತಿ, ಒಂದು ಎರಡು ಮೂರು ನಾಲ್ಕು, ಹತ್ತು ನಿಮಿಷ. ರಾಗ ಆಮೇಲೆ.

ತಂತಿಪುಟ್ಟ:

ಹತ್ತು ನಿಮಿಷ ಬರೀ ಒಂದೇ ತಂತಿನಾ ಮೇಡಂ?

ಮೀಟುಗಾತಿ:

ಹದಿನೈದು ಮಾಡಿ.